ಬೆಂಗಳೂರಿನಿಂದ ಸಂಗೀತದ ಊರುಗಳಿಗೆ: ತಿಥಿ ಹಿಡಿದು ಹೊರಡುವ ಕ್ರಮ

ತಿರುವೈಯಾರಿಗೆ ಯಾವಾಗ ಹೋದರೆ ಒಳ್ಳೆಯದು? ಧಾರವಾಡದಲ್ಲಿ ನೋಡುವುದಕ್ಕೆ ಏನಿದೆ? ಡಿಸೆಂಬರ್‌ನಲ್ಲಿ ಚೆನ್ನೈಗೆ ಹೋದರೆ ಕಛೇರಿಗೆ ಟಿಕೆಟ್ ಸಿಗುತ್ತದೆಯೇ? ಓದುಗರು ತಿರುಗಿಸಿ ಮುರುಗಿಸಿ ಕೇಳುವುದು ಈ ಮೂರೇ ಪ್ರಶ್ನೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಸಂಗೀತದ ಊರುಗಳಲ್ಲಿ ಕಣ್ಣಿಗೆ ಕಾಣುವುದು ಬಹಳ ಕಡಿಮೆ. ತಿರುವೈಯಾರಿನ ತ್ಯಾಗರಾಜರ ಸಮಾಧಿಯನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. ಹುಬ್ಬಳ್ಳಿ ಹತ್ತಿರದ ಕುಂದಗೋಳ ಅಂದರೆ ಒಂದು ಹಳೆಯ ವಾಡೆ, ಅಷ್ಟೇ. ಊರು ಮೊದಲು ಗೊತ್ತುಮಾಡಿ, ರಜೆ ನೋಡಿಕೊಂಡು ದಿನ ಹೊಂದಿಸುವವರು ಸಾಮಾನ್ಯವಾಗಿ ಸಪ್ಪೆ ಮುಖ ಹೊತ್ತು ವಾಪಸು ಬರುತ್ತಾರೆ. ಅಲ್ಲಿ ಹಾಡು ನಡೆಯುವ ದಿನವನ್ನು ಮೊದಲು ಹಿಡಿಯಿರಿ. ಆಮೇಲೆ ಕಿವಿಯ ತಯಾರಿ, ಅದಾದ ಮೇಲೆ ರೈಲು.

ಹಂತ 1: ತಿಥಿ ಗೊತ್ತುಮಾಡಿಕೊಳ್ಳಿ

ವರ್ಷದ ಲೆಕ್ಕ ಬೆಂಗಳೂರಿನಿಂದಲೇ ಶುರುವಾಗುತ್ತದೆ. ಚೈತ್ರದಲ್ಲಿ ರಾಮನವಮಿ: ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ 1939ರಿಂದ ನಡೆದುಕೊಂಡು ಬಂದಿರುವ ರಾಮಸೇವಾ ಮಂಡಳಿಯ ಉತ್ಸವ. ಆಶ್ವಯುಜದಲ್ಲಿ ಮೈಸೂರು ದಸರೆ. ಡಿಸೆಂಬರ್ ಮಧ್ಯದಿಂದ ಹೊಸ ವರ್ಷದವರೆಗೆ ಚೆನ್ನೈಯ ಮಾರ್ಗಳಿ ಸಂಗೀತ. ಮಾರ್ಗಳಿ ಎಂದರೆ ತಮಿಳರ ಧನುರ್ಮಾಸ. ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ. ಆರಾಧನೆ ಎಂದರೆ ಸಂತರು ದೇಹ ಬಿಟ್ಟ ತಿಥಿಯಂದು ನಡೆಸುವ ಪೂಜೆ, ಸೇವೆ. ಅದಾಗಿ ಹತ್ತು ದಿನಕ್ಕೆ, ಪುಷ್ಯ ಬಹುಳ ಅಮಾವಾಸ್ಯೆಯಂದು, ಪುರಂದರದಾಸರ ಆರಾಧನೆ. ಅದಕ್ಕೆ ಹಂಪಿಗೆ ಹೋಗುವವರು ವಿಜಯವಿಠ್ಠಲ ಗುಡಿಯ ಸಮೀಪ, ತುಂಗಭದ್ರೆಯ ದಡದಲ್ಲಿರುವ ಪುರಂದರ ಮಂಟಪಕ್ಕೆ ಹೋಗಬೇಕು. ಗುಡಿಯ ಸಂಗೀತದ ಕಂಬಗಳನ್ನು ತಟ್ಟಿ ನೋಡುವ ಹಾಗಿಲ್ಲ; ನಿಷೇಧವಿದೆ.

ಎಡವುವುದು ಇಲ್ಲೇ. ತ್ಯಾಗರಾಜರ ಆರಾಧನೆ ಪ್ರತಿ ವರ್ಷ ಒಂದೇ ದಿನಾಂಕಕ್ಕೆ ಬರುವುದಿಲ್ಲ. 2024ರಲ್ಲಿ ಅದು ಜನವರಿ 30ಕ್ಕೆ ಬಂತು, 2025ರಲ್ಲಿ ಜನವರಿ 18ಕ್ಕೆ. ಮೊಬೈಲ್ ಪಂಚಾಂಗದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ. ಆದ್ದರಿಂದ ನಮ್ಮ ಪುಷ್ಯ ಬಹುಳ ಪಂಚಮಿಯೇ ಅವರ ಲೆಕ್ಕದಲ್ಲಿ ಮಾಘ ಕೃಷ್ಣ ಪಂಚಮಿ. ಹಿಂದಿಯವರ ಪಂಚಾಂಗದಲ್ಲಿ 'ಪೌಷ ಕೃಷ್ಣ ಪಂಚಮಿ' ಹುಡುಕಿದರೆ ಒಂದು ತಿಂಗಳು ಮೊದಲೇ ಹೋಗಿ ಖಾಲಿ ಚಪ್ಪರದ ಜಾಗ ನೋಡಿ ಬರುತ್ತೀರಿ. ಮನೆಯ ಗೋಡೆಗೆ ತೂಗುಹಾಕಿರುವ ಕನ್ನಡ ಕ್ಯಾಲೆಂಡರೇ ಸಾಕು.

ಹಂತ 2: ಮೂರು ವಾರ ಕಿವಿಯ ತಯಾರಿ

ತಿರುವೈಯಾರಿಗೆ ಹೊರಟವರು ಆರಾಧನೆಯಲ್ಲಿ ಎಲ್ಲರೂ ಸೇರಿ ಹಾಡುವ ತ್ಯಾಗರಾಜರ ಐದು ಪಂಚರತ್ನ ಕೃತಿಗಳನ್ನು ಈ ಕ್ರಮದಲ್ಲೇ ಕೇಳಿಕೊಳ್ಳಬೇಕು: ನಾಟ ರಾಗದಲ್ಲಿ 'ಜಗದಾನಂದಕಾರಕ', ಗೌಳದಲ್ಲಿ 'ದುಡುಕುಗಲ', ಆರಭಿಯಲ್ಲಿ 'ಸಾಧಿಂಚೆನೆ', ವರಾಳಿಯಲ್ಲಿ 'ಕನಕನರುಚಿರಾ', ಶ್ರೀರಾಗದಲ್ಲಿ 'ಎಂದರೋ ಮಹಾನುಭಾವುಲು'. ಐದೂ ಆದಿತಾಳ, ಎಂಟು ಎಣಿಕೆ, 4+2+2. ಮೊದಲನೆಯದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ, ದಪ್ಪ ಅಕ್ಷರದಲ್ಲಿ ಮುದ್ರಿಸಿಕೊಳ್ಳಿ. ಸಾವಿರಾರು ಜನ ಸೇರುವ ಜಾಗದಲ್ಲಿ ಮೊಬೈಲ್ ನೆಟ್‌ವರ್ಕ್ ನೆಚ್ಚಿಕೊಂಡು ಕೂರಬೇಡಿ.

ದಿನಕ್ಕೆ ಅರ್ಧ ಗಂಟೆಯಂತೆ ಒಂದು ಕೃತಿಗೆ ನಾಲ್ಕು ದಿನ ಇಟ್ಟುಕೊಂಡರೆ ಇಪ್ಪತ್ತು ದಿನ. ಪ್ರತಿ ಚರಣವನ್ನೂ ಮೊದಲು ಸ್ವರವಾಗಿ, ಆಮೇಲೆ ಸಾಹಿತ್ಯವಾಗಿ ಹಾಡುತ್ತಾರೆ. ಎರಡಕ್ಕೂ ಒಂದೇ ಧಾತು, ಅಂದರೆ ಒಂದೇ ಮಟ್ಟು. ಸಾಲು ಎಲ್ಲಿಗೆ ಬಂತು ಎಂದು ತಪ್ಪಿಹೋದರೆ ಸ್ವರ ಹಾಡುವಾಗ ಸುಮ್ಮನಿದ್ದು, ಸಾಹಿತ್ಯಕ್ಕೆ ಸೇರಿಕೊಳ್ಳಿ. ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಆರಭಿಯಲ್ಲಿ. ಒಂದೊಂದು ಚರಣ ಮುಗಿದಾಗಲೂ ಅಲ್ಲಿ ಮರಳುವುದು 'ಸಮಯಾನಿಕಿ ತಗು ಮಾಟಲಾಡೆನೆ' ಎಂಬ ಸಾಲಿಗೆ. ಪಲ್ಲವಿಗೆ ಮರಳುತ್ತಾರೆಂದುಕೊಂಡು 'ಸಾಧಿಂಚೆನೆ' ಎಂದು ಒಬ್ಬರೇ ದನಿ ಎತ್ತಿದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ವರಾಳಿಗೆ ಎರಡು ದಿನ ಹೆಚ್ಚಿಗೆ ಕೊಡಿ. ಆ ರಾಗವನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಡಬಾರದು ಎಂಬ ನಂಬಿಕೆ ಇದ್ದುದರಿಂದ ಅದರ ಅಭ್ಯಾಸ ಮೊದಲಿನಿಂದಲೂ ಕಡಿಮೆ.

ಧಾರವಾಡದ ಕಡೆ ಹೊರಟವರ ತಯಾರಿ ಬೇರೆ. ಅಲ್ಲಿಯದು ಹಿಂದೂಸ್ತಾನಿ ಸಂಗೀತ. ಕರ್ನಾಟಕ ಸಂಗೀತ ಕೇಳಿ ಬೆಳೆದ ಬೆಂಗಳೂರಿನ ಕಿವಿಗೆ ರಾಗದ ಹೆಸರುಗಳು ಮೋಸ ಮಾಡುತ್ತವೆ. ನಮ್ಮ ಮೋಹನ ಅಲ್ಲಿ ಭೂಪಾಲಿ, ನಮ್ಮ ಹಿಂದೋಳ ಅಲ್ಲಿ ಮಾಲಕಂಸ್. ಆದರೆ ಅಲ್ಲಿ 'ಹಿಂಡೋಲ್' ಎಂಬ ಬೇರೊಂದು ರಾಗವೇ ಇದೆ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯ ಹತ್ತಿರ, ಅವರ ತೋಡಿ ನಮ್ಮ ಶುಭಪಂತುವರಾಳಿಯ ಹತ್ತಿರ. ಅವರ ಶ್ರೀ ನಮ್ಮ ಶ್ರೀರಾಗವಂತೂ ಅಲ್ಲವೇ ಅಲ್ಲ. ಈ ನಾಲ್ಕೈದು ಜೋಡಿಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎರಡು ಪದ್ಧತಿಗಳ ವಾದ್ಯಗಳನ್ನೂ ಒಂದೇ ಸೂರಿನಡಿ ನೋಡಿ ಗುರುತಿಟ್ಟುಕೊಳ್ಳಬೇಕೆಂದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಕಛೇರಿ ಕೇಳುವ ರೂಢಿಯೇ ಇಲ್ಲದವರು ಕೆ.ಆರ್. ರಸ್ತೆಯ ಗಾಯನ ಸಮಾಜದಲ್ಲಿ, 1905ರಲ್ಲಿ ಶುರುವಾದ ಸಂಸ್ಥೆ ಅದು, ಎರಡು ಕಛೇರಿಯಾದರೂ ಪೂರ್ತಿ ಕೂತು ಕೇಳಿ.

ಹಂತ 3: ಮೊದಲ ಪ್ರಯಾಣ ಮೈಸೂರಿಗೆ

ದೂರದ ಊರುಗಳಿಗೆ ಮುಂಚೆ ಮೈಸೂರಿನಲ್ಲಿ ಒಂದು ರಾತ್ರಿ ಕಳೆಯಿರಿ. ಬೇರೆಲ್ಲ ಊರುಗಳ ದಾರಿ ಈ ಆಸ್ಥಾನವನ್ನು ಹಾದೇ ಹೋಗಿದೆ. ನಾಟ್ಯ ಗುರುಗಳಾದ ತಂಜಾವೂರು ಸಹೋದರರಲ್ಲಿ ಒಬ್ಬರಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಉತ್ತರದಿಂದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ದಸರೆಗೆ ಬರುತ್ತಿದ್ದರು. 'ಬ್ರೋಚೇವಾರೆವರುರಾ' ರಚಿಸಿದ ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಇಲ್ಲಿಂದ ಚೆನ್ನೈಯ ಕಲಾಕ್ಷೇತ್ರಕ್ಕೆ ಹೋದರು. ಜಯಚಾಮರಾಜ ಒಡೆಯರು ತಾವೇ 94 ಕೃತಿ ರಚಿಸಿದವರು. 1950ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೆದದ್ದೂ ಇದೇ ಅರಸರ ಹಣದ ಬೆಂಬಲದಿಂದ. ಆ ಸಂಗತಿ ನಮ್ಮಲ್ಲಿಗಿಂತ ಅಲ್ಲಿ ಹೆಚ್ಚು ಜನಕ್ಕೆ ಗೊತ್ತಿರಬಹುದು.

ದಸರೆಯಲ್ಲಿ ಅರಮನೆಯ ಮುಂದೆ ನಡೆಯುವ ಕಾರ್ಯಕ್ರಮಕ್ಕೆ ಕತ್ತಲಾಗುವ ಮೊದಲೇ ಹೋಗಿ ಕುಳಿತುಕೊಳ್ಳಿ. ದೀಪಾಲಂಕಾರ ನೋಡಲು ಬಂದವರು ಎದ್ದು ಓಡಾಡುತ್ತಲೇ ಇರುತ್ತಾರೆ, ಹಿಂದಿನ ಸಾಲಿನಲ್ಲಿ ಕೂತರೆ ಆಲಾಪನೆ ಕಿವಿಗೆ ಬೀಳುವುದಿಲ್ಲ. ಗದ್ದಲ ಬೇಡ ಎನ್ನುವವರಿಗೆ ಗಾಯಕ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಒಳ್ಳೆಯ ಜಾಗ. ಕಾರಿನಲ್ಲಿ ಹೋದವರು ವಾಪಸು ಬರುವಾಗ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ ಸುತ್ತು ಹಾಕಬಹುದು. ಕಾವೇರಿ ದಡದ ಈ ಚಿಕ್ಕ ಹಳ್ಳಿ ಹುಟ್ಟಿಸಿದಷ್ಟು ವಿದ್ವಾಂಸರನ್ನು ದೊಡ್ಡ ಪೇಟೆಗಳೂ ಹುಟ್ಟಿಸಿಲ್ಲ. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ಮಂದಿರ ಇರುವುದು ಇಲ್ಲೇ.

ಹಂತ 4: ರೈಲು ಮತ್ತು ರೂಮು

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನ ಇತ್ತು. ಹಳೆಯ ಲೆಕ್ಕ ಹಿಡಿದವರು ಗೊಂದಲಕ್ಕೆ ಬೀಳುತ್ತಾರೆ. ತಂಜಾವೂರಿಗೆ ಅನುಕೂಲವಾದದ್ದು ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಮೈಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲು. ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಗಿನ ಜಾವ ತಂಜಾವೂರು. ರಸ್ತೆಯಲ್ಲಾದರೆ ಸೇಲಂ, ತಿರುಚಿನಾಪಳ್ಳಿ ಮೇಲೆ ಸುಮಾರು 400 ಕಿ.ಮೀ.

ಆರಾಧನೆ ಪೊಂಗಲ್ ಆಸುಪಾಸಿಗೆ ಬಿದ್ದ ವರ್ಷ ಎಚ್ಚರ. ಹೋಗುವ ಟಿಕೆಟ್ ಸಿಗುತ್ತದೆ, ಬರುವ ಟಿಕೆಟ್ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅರ್ಧ ತಮಿಳುನಾಡು ಅದೇ ದಿನಗಳಲ್ಲಿ ಮರಳುತ್ತಿರುತ್ತದೆ. ವಾಪಸಿನ ಟಿಕೆಟ್ಟನ್ನೇ ಮೊದಲು ತೆಗೆದುಕೊಳ್ಳಿ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ: ಎ.ಸಿ. ಬೋಗಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಅದನ್ನು ನಂಬಿ ಮಾತ್ರ ಹೊರಡಬೇಡಿ.

ತಿರುವೈಯಾರು ಸಣ್ಣ ಊರು, ಉಳಿಯುವುದು ತಂಜಾವೂರಿನಲ್ಲಿ. ರೂಮನ್ನು ಎರಡು ತಿಂಗಳ ಮೊದಲೇ ಹೇಳಿಡಿ.

ಹಂತ 5: ಕಾವೇರಿ ತೀರ, ಮೂರು ದಿನ

ಹೆಸರಿನ ಗೊಂದಲ ಮೊದಲು ಬಗೆಹರಿಸಿಕೊಳ್ಳೋಣ. ತಿರುವೈಯಾರು ಬೇರೆ, ತಿರುವಾರೂರು ಬೇರೆ. ತಿರುವೈಯಾರು ತಂಜಾವೂರಿನಿಂದ ಉತ್ತರಕ್ಕೆ ಸುಮಾರು 13 ಕಿ.ಮೀ., ತ್ಯಾಗರಾಜರ ಸಮಾಧಿ ಇರುವ ಊರು. ತಿರುವಾರೂರು ಪೂರ್ವಕ್ಕೆ ಐವತ್ತೈದು ಕಿ.ಮೀ. ಆಚೆ, ಅವರು ಹುಟ್ಟಿದ ಊರು. ಸಾಲದ್ದಕ್ಕೆ ತಿರುವಾರೂರಿನಲ್ಲಿ 'ತ್ಯಾಗರಾಜ ದೇವಸ್ಥಾನ' ಇದೆ. ಅಲ್ಲಿನ ತ್ಯಾಗರಾಜ ಎಂದರೆ ಶಿವ. ಮ್ಯಾಪಿನಲ್ಲಿ 'ತ್ಯಾಗರಾಜ' ಎಂದಷ್ಟೇ ಒತ್ತಿ ಹೊರಟು, ಆರಾಧನೆಯ ಬೆಳಿಗ್ಗೆ ತಪ್ಪು ಊರಿನಲ್ಲಿ ಇಳಿದರೆ ಮತ್ತೆ ಹಿಂದಕ್ಕೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಸ್ಸಿನ ಬೋರ್ಡು ತಮಿಳಿನಲ್ಲಿರುತ್ತದೆ. 'ತಿರುವೈಯಾರು ಪೋಗುಮಾ?' ಎಂದು ಕಂಡಕ್ಟರನ್ನು ಕೇಳಿ, ಉತ್ತರ ಸರಿಯಾಗಿ ಕೇಳಿಸಿಕೊಂಡು ಹತ್ತಿ.

ಮೊದಲ ದಿನ ತಂಜಾವೂರು. ಬೃಹದೀಶ್ವರ ಗುಡಿಯನ್ನು ಬೆಳಿಗ್ಗೆಯೇ ನೋಡಿ. ತಮಿಳುನಾಡಿನ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕರ ಹೊತ್ತಿಗೆ. ನಡುವಿನ ವೇಳೆಯನ್ನು ಅರಮನೆಗೂ ಸರಸ್ವತಿ ಮಹಲ್ ಗ್ರಂಥಾಲಯದ ವಸ್ತುಸಂಗ್ರಹಾಲಯಕ್ಕೂ ಕೊಡಿ. ನಮ್ಮವರು ಗಮನಿಸಬೇಕಾದ ಹೆಸರು ಗೋವಿಂದ ದೀಕ್ಷಿತರದು. ತಂಜಾವೂರಿನ ನಾಯಕ ಅರಸರ ಮಂತ್ರಿಯಾಗಿದ್ದ ಅವರು ಕನ್ನಡಿಗರು. ರಾಗಗಳಿಗೆ ಮೂಲವಾದ 72 ಮೇಳಗಳ ಲೆಕ್ಕ ಹಾಕಿ 'ಚತುರ್ದಂಡೀ ಪ್ರಕಾಶಿಕೆ' ಬರೆದ ವೆಂಕಟಮಖಿ ಅವರ ಮಗ.

ಎರಡನೆಯ ದಿನ ತಿರುವಾರೂರು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಾದ ಶ್ಯಾಮಾಶಾಸ್ತ್ರಿ (1762), ತ್ಯಾಗರಾಜ (1767), ಮುತ್ತುಸ್ವಾಮಿ ದೀಕ್ಷಿತ, ಮೂವರೂ ಒಂದೇ ಊರಿನಲ್ಲಿ, ಹದಿನೈದು ವರ್ಷದೊಳಗೆ ಹುಟ್ಟಿದವರು. ದೇವಸ್ಥಾನ ದೊಡ್ಡದು, ಎರಡೂವರೆ ಗಂಟೆ ಬೇಕು. ಕಮಲಾಂಬೆಯ ಸನ್ನಿಧಿಗೆ ಹೋಗುವ ಮುನ್ನ ಆ ದೇವಿಯ ಮೇಲೆ ದೀಕ್ಷಿತರು ರಚಿಸಿದ ಕಮಲಾಂಬಾ ನವಾವರಣ ಕೃತಿಗಳಲ್ಲಿ ಒಂದನ್ನಾದರೂ ಕೇಳಿಕೊಂಡಿದ್ದರೆ ಆ ಕತ್ತಲೆ ಪ್ರಾಕಾರಕ್ಕೆ ಬೇರೆಯೇ ಅರ್ಥ ಬರುತ್ತದೆ. ಐದು ಮುಖದ ಪಂಚಮುಖ ವಾದ್ಯ ಇದೇ ಗುಡಿಯದು.

ಮೂರನೆಯ ದಿನ ಆರಾಧನೆ. ತಂಜಾವೂರನ್ನು ಬೆಳಿಗ್ಗೆ ಐದೂವರೆಗೆ ಬಿಡಿ. ತಿರುಮಂಜನ ಬೀದಿಯಲ್ಲಿ ತ್ಯಾಗರಾಜರು ಇದ್ದ ಮನೆಯಿಂದ ಸಮಾಧಿಯವರೆಗೆ ಉಂಛವೃತ್ತಿ ಬರುತ್ತದೆ. ಉಂಛವೃತ್ತಿ ಎಂದರೆ ಹಾಡುತ್ತಾ ಬೀದಿಯಲ್ಲಿ ಭಿಕ್ಷೆ ಬೇಡುವುದು, ತ್ಯಾಗರಾಜರು ಬದುಕಿದ ರೀತಿ ಅದು. ಪಂಚರತ್ನ ಶುರುವಾಗುವುದು ಒಂಬತ್ತರ ಸುಮಾರಿಗೆ; ನೀವು ಏಳಕ್ಕೆ ಚಪ್ಪರದೊಳಗೆ ಇರಬೇಕು. ಪ್ರವೇಶಕ್ಕೆ ಟಿಕೆಟ್ ಇಲ್ಲ. ವಿದ್ವಾಂಸರು ಮುಂದೆ ಎದುರುಬದುರಾಗಿ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಕೂರುತ್ತಾರೆ. ಉಳಿದವರೆಲ್ಲ ಹಿಂದೆ, ನೆಲದ ಮೇಲೆ.

ಕೈಯಲ್ಲಿ ಇರಬೇಕಾದದ್ದು: ಮಡಚುವ ಚಾಪೆ, ಒಂದು ಲೀಟರ್ ನೀರು, ಸಾಹಿತ್ಯದ ಹಾಳೆ, ಚಪ್ಪಲಿ ಹಾಕಿಕೊಳ್ಳಲು ಒಂದು ಬಟ್ಟೆ ಚೀಲ. ಚಪ್ಪಲಿ ಹೊರಗೆ ಬಿಟ್ಟರೆ ಸಾವಿರ ಜೋಡಿಯ ನಡುವೆ ಹುಡುಕುವ ಕೆಲಸ ನಿಮ್ಮದೇ. ಹೊಳೆಯ ದಡ, ಬೆಳಗಿನ ಜಾವ ಮಂಜು ಬೀಳುತ್ತದೆ, ಹತ್ತು ಗಂಟೆಗೆ ಸೆಕೆ. ಹತ್ತಿ ಬಟ್ಟೆ, ಮೇಲೊಂದು ಶಾಲು ಸಾಕು. ಹಾಡಲು ಬರುವವರು ದನಿ ಸೇರಿಸಲಿ, ಯಾರೂ ಬೇಡ ಎನ್ನುವುದಿಲ್ಲ. ಗುಂಪಿನ ಶ್ರುತಿ ನಿಮಗೆ ಎತ್ತರವಾದರೆ ಕೆಳಗಿನ ಸ್ಥಾಯಿಯಲ್ಲಿ ಮೆಲ್ಲಗೆ ಹೇಳಿಕೊಳ್ಳಿ; ಕಿರುಚಿದರೆ ಮೂರನೆಯ ಕೃತಿಯ ಹೊತ್ತಿಗೆ ಗಂಟಲು ಕಟ್ಟುತ್ತದೆ. ಮೊಬೈಲ್ ಎತ್ತಿ ಹಿಡಿದು ಹಿಂದಿನವರ ದಾರಿ ಕಟ್ಟಬೇಡಿ. ಆಕಾಶವಾಣಿ, ದೂರದರ್ಶನ ಎರಡೂ ಇದನ್ನು ನೇರ ಪ್ರಸಾರ ಮಾಡುತ್ತವೆ, ನಿಮ್ಮ ಚಿತ್ರೀಕರಣ ಅದಕ್ಕಿಂತ ಚೆನ್ನಾಗಿರಲಾರದು.

ಹಾಡು ಮುಗಿದು ಜನ ಚದುರಿದ ಮೇಲೆ ಇನ್ನೊಂದು ಸಮಾಧಿಯ ಬಳಿ ನಿಲ್ಲಿ. ತ್ಯಾಗರಾಜರ ಸಮಾಧಿಗೆ ಮುಖ ಮಾಡಿ ಕೂತಿರುವ ಪ್ರತಿಮೆ ಬೆಂಗಳೂರು ನಾಗರತ್ನಮ್ಮನವರದು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಈಕೆ, ಪಾಳುಬಿದ್ದಿದ್ದ ಸಮಾಧಿಯ ಜಾಗ ಕೊಂಡು, ಹಾಡಿ ಗಳಿಸಿದ ಹಣದಲ್ಲಿ ಈ ಗುಡಿ ಕಟ್ಟಿಸಿದರು. ಆಗ ಗಂಡಸರ ಎರಡು ಪಂಗಡಗಳು ಬೇರೆ ಬೇರೆಯಾಗಿ ಆರಾಧನೆ ನಡೆಸುತ್ತಿದ್ದವು, ಎರಡರಲ್ಲೂ ಹೆಂಗಸರು ಹಾಡುವಂತಿರಲಿಲ್ಲ. ನಾಗರತ್ನಮ್ಮ ಹೆಂಗಸರದೇ ಮೂರನೆಯ ಆರಾಧನೆ ಶುರುಮಾಡಿದರು. 1940ರ ದಶಕದ ಆರಂಭದಲ್ಲಿ ಮೂರೂ ಒಂದಾಗಿ, ನೀವು ಬೆಳಿಗ್ಗೆ ನೋಡಿದ ಆ ಎದುರುಬದುರು ಸಾಲುಗಳು ಬಂದವು.

ಹಂತ 6: ಚೆನ್ನೈ, ಡಿಸೆಂಬರ್

ಇಲ್ಲಿ ಸಂಗೀತಕ್ಕೆ ಬರವಿಲ್ಲ, ಆಯ್ಕೆಯೇ ಕಷ್ಟ. ಇಂದಿನ ರೂಪದ ಸೀಸನ್‌ಗೆ ಬೀಜ ಬಿದ್ದದ್ದು 1927ರ ಮದರಾಸು ಕಾಂಗ್ರೆಸ್ ಅಧಿವೇಶನದ ಜೊತೆ ನಡೆದ ಸಂಗೀತ ಸಮ್ಮೇಳನದಿಂದ. ಮ್ಯೂಸಿಕ್ ಅಕಾಡೆಮಿ ಹುಟ್ಟಿದ್ದು ಅದರಿಂದಲೇ. ಈಗ ಒಂದೇ ದಿನ ಹತ್ತಾರು ಸಭೆಗಳಲ್ಲಿ ಕಛೇರಿ. ಸಭೆ ಎಂದರೆ ಕಛೇರಿ ಏರ್ಪಡಿಸುವ ಸಂಸ್ಥೆ, ತಮಿಳಿನಲ್ಲಿ 'ಸಭಾ'.

ಒಂದು ದಿನಕ್ಕೆ ಒಂದೇ ಬಡಾವಣೆ ಇಟ್ಟುಕೊಳ್ಳಿ. ಮೈಲಾಪುರದಲ್ಲಿ ನಾಲ್ಕರ ಕಛೇರಿ ಕೇಳಿ ಆರೂವರೆಗೆ ಟಿ. ನಗರ ಮುಟ್ಟುತ್ತೇನೆ ಎಂದುಕೊಂಡವರು ಮುಖ್ಯ ರಾಗವನ್ನು ಆಟೋದಲ್ಲೇ ಕಳೆದುಕೊಳ್ಳುತ್ತಾರೆ. ಮಧ್ಯಾಹ್ನದ ಕಿರಿಯರ ಕಛೇರಿಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಜನವೂ ಕಡಿಮೆ. ಸಂಜೆಯ ದೊಡ್ಡ ಹೆಸರಿಗೆ ಟಿಕೆಟ್ ಸಿಗದಿದ್ದರೆ ಬೇಸರ ಬೇಡ. ಮುಂದಿನ ಹತ್ತು ವರ್ಷದ ಹೆಸರುಗಳನ್ನು ಈಗಲೇ ಕೇಳುವ ಜಾಗ ಈ ಮಧ್ಯಾಹ್ನದ ಕಛೇರಿ.

ಕಛೇರಿಯ ನಡುವೆ ಪಕ್ಕವಾದ್ಯದ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗಕ್ಕೆ ತನಿ ಆವರ್ತನ ಎನ್ನುತ್ತಾರೆ. ಅದು ಶುರುವಾದೊಡನೆ ಕಾಫಿಗೆ ಏಳುವ ಚಾಳಿ ಅಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ನೀವು ಏಳಬೇಡಿ. ಸಭೆಯ ಕ್ಯಾಂಟೀನಿಗೆ ಹೋಗುವುದಿದ್ದರೆ ಮೂರೂವರೆಗೆ ಹೋಗಿ, ಆರಕ್ಕೆ ಹೋದರೆ ಸಾಲು ಕರಗುವುದೇ ಇಲ್ಲ. ಡಿಸೆಂಬರ್ ಅಲ್ಲಿ ಹಿಂಗಾರಿನ ಕಾಲ, ಕೊಡೆ ಇರಲಿ. ಬೆಂಗಳೂರಿನ ಸ್ವೆಟರ್ ಬೀದಿಯಲ್ಲಿ ಬೇಕಾಗುವುದಿಲ್ಲ, ಎ.ಸಿ. ಹಾಲಿನೊಳಗೆ ಮೂರು ಗಂಟೆ ಕೂತಾಗ ಬೇಕಾಗುತ್ತದೆ.

ಹಂತ 7: ಧಾರವಾಡ, ಹುಬ್ಬಳ್ಳಿ, ಗದಗ

ಮೈಸೂರಿಗೆ ಹೋಗಿಬರುವ ಉತ್ತರದ ಉಸ್ತಾದರಿಗೆ ಧಾರವಾಡ ದಾರಿಯ ಮೇಲಿನ ತಂಗುದಾಣ. ಹೀಗೆ ತಂಗಿದವರಿಂದ ಕಲಿತವರು ಘರಾಣೆಗಳನ್ನು ಇಲ್ಲಿ ಬೇರೂರಿಸಿದರು. ಘರಾಣೆ ಎಂದರೆ ಗುರುಪರಂಪರೆಯ ಹಾಡುಗಾರಿಕೆಯ ಶೈಲಿ. ಕಿರಾಣಾ ಘರಾಣೆಯ ಗಂಗೂಬಾಯಿ ಹಾನಗಲ್ಲರನ್ನೂ ಜೈಪುರ-ಅತ್ರೌಲಿಯ ಮಲ್ಲಿಕಾರ್ಜುನ ಮನ್ಸೂರರನ್ನೂ ಹೊರಡುವ ಮುನ್ನ ಒಂದೊಂದು ಗಂಟೆ ಕೇಳಿ. ಒಂದರಲ್ಲಿ ಸ್ವರದ ಮೇಲೆ ನಿಂತು ನಿಧಾನಕ್ಕೆ ಬೆಳೆಸುವ ರೀತಿ, ಇನ್ನೊಂದರಲ್ಲಿ ಲಯದ ಜೊತೆ ಹೆಣೆದುಕೊಂಡು ಸಾಗುವ, ಅಪರೂಪದ ರಾಗಗಳ ದಾರಿ.

ಬೆಂಗಳೂರಿನಿಂದ ವಂದೇ ಭಾರತ್ ಮುಂಜಾನೆ ಹೊರಟು ಮಧ್ಯಾಹ್ನದ ಹೊತ್ತಿಗೆ ಧಾರವಾಡಕ್ಕೆ ಬಿಡುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಹತ್ತಿ, ಕಾರು ಬೇಡ. ಮನ್ಸೂರರ ಮನೆ 'ಮೃತ್ಯುಂಜಯ' ಧಾರವಾಡದಲ್ಲಿ, ಗಂಗೂಬಾಯಿಯವರ 'ಗಂಗಾಲಹರಿ' ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ. ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೋಗಿ. ಕುಂದಗೋಳ ಹುಬ್ಬಳ್ಳಿಯಿಂದ ಇಪ್ಪತ್ತು ಕಿ.ಮೀ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿಯವರು ಬಂದು ಕಲಿತದ್ದು ಇಲ್ಲೇ. ಗುರುವಿನ ಹೆಸರಿನಲ್ಲಿ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಉತ್ಸವ ದೊಡ್ಡದಾಗಿ ಬೆಳೆದಿದೆ, ಆದರೆ ನಾಡಿಗೇರ ವಾಡೆಯಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಗಾಯಕರ ಉಸಿರು ಕೇಳುವಷ್ಟು ಹತ್ತಿರ ಕೂರಬಹುದು. ದಿನ ತಿಳಿಯಲು ಪತ್ರಿಕೆಗಳ ಹುಬ್ಬಳ್ಳಿ ಆವೃತ್ತಿ ನೋಡುತ್ತಿರಿ.

ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬೆಳಿಗ್ಗೆ ಬೇಗ ಹೋಗಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಜಾಗ. ಮಕ್ಕಳು ಅಭ್ಯಾಸ ಮಾಡುತ್ತಿರುವಾಗ ಅವರಿಗೆ ಕಾಣಿಸುವುದಿಲ್ಲವೆಂದು ಹೇಳದೆ ಕೇಳದೆ ವಿಡಿಯೋ ತೆಗೆಯುವವರಿದ್ದಾರೆ. ಹಾಗೆ ಮಾಡಬೇಡಿ.

ಹಂತ 8: ವಾದ್ಯ ಕೊಳ್ಳುವ ಯೋಚನೆ ಇದ್ದರೆ

ತಂಬೂರಿಗೆ ಮಹಾರಾಷ್ಟ್ರದ ಮೀರಜ್. ಧಾರವಾಡದಿಂದ ಬೆಳಗಾವಿ ದಾಟಿ ಅದೇ ರೈಲು ದಾರಿಯಲ್ಲಿದೆ. ಅಬ್ದುಲ್ ಕರೀಂ ಖಾನರ ಸಮಾಧಿ ಅಲ್ಲಿನ ದರ್ಗಾದಲ್ಲಿದೆ. ಹೋಗುವ ಮೊದಲು ನಿಮ್ಮ ಶ್ರುತಿ ಎಷ್ಟೆಂದು ಗುರುಗಳಿಂದ ಖಚಿತ ಮಾಡಿಕೊಳ್ಳಿ. ತಂಬೂರಿಯ ಉದ್ದ, ತಂತಿಯ ದಪ್ಪ ಎರಡೂ ಶ್ರುತಿಗೆ ತಕ್ಕಂತೆ ಇರಬೇಕು. ಗಂಡಸರ ಶ್ರುತಿಗೆ ಮಾಡಿದ್ದನ್ನು ಹೆಂಗಸರ ಶ್ರುತಿಗೆ ಬಿಗಿದರೆ ತಂತಿ ಕಡಿಯುತ್ತದೆ, ಸಡಿಲ ಬಿಟ್ಟರೆ ನಾದ ಏಳುವುದಿಲ್ಲ. ಕುದುರೆಯನ್ನು, ಅಂದರೆ ತಂತಿಗಳು ಹಾದುಹೋಗುವ ಪಟ್ಟಿಯನ್ನು, ಉಜ್ಜಿ ನಾದ ಝೇಂಕರಿಸುವಂತೆ ಮಾಡುವುದಕ್ಕೆ ಜವಾರಿ ಎನ್ನುತ್ತಾರೆ. ಅದನ್ನು ನಿಮ್ಮ ಎದುರಿಗೇ, ನಿಮ್ಮ ಶ್ರುತಿಯಲ್ಲೇ ಮಾಡಿಸಿ. ಬುರುಡೆಯನ್ನು ಬೆಳಕಿಗೆ ತಿರುಗಿಸಿ ಸೀಳಿದೆಯೇ ನೋಡಿ, ಹೊಸ ಬಣ್ಣ ಹಳೆಯ ಬಿರುಕನ್ನು ಮುಚ್ಚುತ್ತದೆ.

ವೀಣೆಗೆ ತಂಜಾವೂರು. ಹಲಸಿನ ಮರದ್ದು. ಒಂದೇ ತುಂಡಿನಲ್ಲಿ ಕೊರೆದದ್ದು ಏಕಾಂಡ ವೀಣೆ, ಬೇರೆ ಬೇರೆ ಭಾಗ ಕೂಡಿಸಿದ್ದು ಅಗ್ಗ. ಕಲಿಯುವವರಿಗೆ ಎರಡನೆಯದೇ ಸಾಕು. ಹೊರುವ ಮೊದಲು ಎಡಗಡೆಯ ಚಿಕ್ಕ ಬುರುಡೆಯನ್ನು ತಿರುಗಿಸಿ ಬಿಚ್ಚಿಡಿ. ಸ್ವರ ಹಿಡಿಯಲು ತಂತಿಯನ್ನು ಒತ್ತುವ 24 ಮೆಟ್ಟಿಲುಗಳು ಕೂತಿರುವುದು ಕಪ್ಪು ಮೇಣದ ಮೇಲೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ವೀಣೆ ಬಿಟ್ಟು ಊಟಕ್ಕೆ ಹೋದರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತವೆ, ಮೇಳ ಕಟ್ಟುವವರನ್ನು, ಅಂದರೆ ಮೆಟ್ಟಿಲು ಕೂರಿಸುವವರನ್ನು, ಬೆಂಗಳೂರಿನಲ್ಲಿ ಮತ್ತೆ ಹುಡುಕಬೇಕಾಗುತ್ತದೆ. ಊಟದ ಹೊತ್ತಿಗೂ ಅದನ್ನು ಜೊತೆಗೇ ಇಳಿಸಿಕೊಳ್ಳಿ.